ಮೊದಲ ನಿಮಿಷದ ಕೆಮ್ಮು

ಕೆಲಸ ಹೋದ ಮೇಲೆ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಹನ್ನೊಂದು ಗಂಟೆ. ಎಂಟು, ಒಂಬತ್ತು ಹೇಗೋ ಕಳೆದುಹೋಗುತ್ತಿತ್ತು. ಜಾಬ್ ಸೈಟುಗಳನ್ನು ನೋಡುವುದು, ರೆಸ್ಯೂಮೆಯಲ್ಲಿ ಎರಡು ಸಾಲು ಹಿಂದೆ ಮುಂದೆ ಮಾಡುವುದು, ನಾಲ್ಕು ಕಡೆ ಅಪ್ಲೈ ಮಾಡುವುದು. ಹತ್ತೂವರೆಗೆಲ್ಲ ಅದು ಮುಗಿಯುತ್ತಿತ್ತು. ಆಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಗೊತ್ತಿರುವವರೆಲ್ಲ ಕೆಲಸದಲ್ಲಿ ಮುಳುಗಿರುವ ಹೊತ್ತು ಅದು. ಯಾರಿಗೂ ಸುಮ್ನೆ ಫೋನ್ ಮಾಡುವ ಹಾಗಿಲ್ಲ. ನಮ್ಮ ಫೋನೂ ಬಾಯಿ ಬಿಡುವುದಿಲ್ಲ.

ಆ ಹೊತ್ತಿಗೆ ನಾನು ದಿನಾ ಒಂದೇ ಆಲ್ಬಂ ಹಾಕಿಕೊಳ್ಳತೊಡಗಿದೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ 'ವಿಶ್ ಯು ವರ್ ಹಿಯರ್'. 1975ರಲ್ಲಿ ಬಂದದ್ದು. ಐದೇ ಟ್ರ್ಯಾಕು, ಒಟ್ಟು 44 ನಿಮಿಷ. ಅದು ಮುಗಿಯುವಷ್ಟರಲ್ಲಿ ಹನ್ನೆರಡಕ್ಕೆ ಹತ್ತಿರ ಬಂದಿರುತ್ತಿದ್ದೆ.

ಅದನ್ನು ನನಗೆ ಮೊದಲು ಕೇಳಿಸಿದ್ದು ನನ್ನ ಟೆಸ್ಟ್ ಲೀಡ್. ಆರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತವನು ನಾನು. ಒಂದು ಸಂಜೆ ತಮ್ಮ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, "ಟೈಟಲ್ ಸಾಂಗ್‌ನಲ್ಲಿ ಒಂದು ಕೆಮ್ಮು ಇದೆ. ನೀನೇ ಹುಡುಕು ನೋಡೋಣ" ಅಂದಿದ್ದರು. ಆಗ ರಿಲೀಸ್ ಹತ್ತಿರವಿತ್ತು. ಹುಡುಕಲಿಲ್ಲ. ಆಮೇಲೆ ಒಂದು ಶುಕ್ರವಾರ ನಮ್ಮ ಟೀಮನ್ನೇ ಮುಚ್ಚಿದರು. ಅವರೂ ನಾನೂ ಒಂದೇ ದಿನ ಐಡಿ ಕಾರ್ಡ್ ವಾಪಸ್ ಕೊಟ್ಟು ಹೊರಗೆ ಬಂದೆವು. ಮೊದಲು ವಾರಕ್ಕೊಮ್ಮೆ ಮಾತಾಡುತ್ತಿದ್ದೆವು. ಆಮೇಲೆ ತಿಂಗಳಿಗೊಮ್ಮೆ. ಇಬ್ಬರ ಹತ್ತಿರವೂ ಹೇಳಿಕೊಳ್ಳುವಂಥ ಸುದ್ದಿ ಇರಲಿಲ್ಲ. ಹಾಗಾಗಿ ಫೋನ್ ನಿಂತೇ ಹೋಯಿತು.

ಈ ಆಲ್ಬಂ ಶುರುವಾಗುವ ರೀತಿಯೇ ಬೇರೆ. ಮೊದಲ ಟ್ರ್ಯಾಕಿನಲ್ಲಿ ಮನುಷ್ಯರ ದನಿ ಕೇಳಬೇಕಾದರೆ ಎಂಟು ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಮೊದಲು ಎಲ್ಲಿಂದಲೋ ತೇಲಿ ಬರುವ ಒಂದು ಸದ್ದು. ಅದರಲ್ಲಿ ವೈನ್ ಗ್ಲಾಸಿನ ಅಂಚನ್ನು ಒದ್ದೆ ಬೆರಳಿನಿಂದ ಸವರಿ ಹೊರಡಿಸಿದ ನಾದವೂ ಸೇರಿದೆ. ಮನೆಬಳಕೆಯ ಸಾಮಾನುಗಳಿಂದಲೇ ಒಂದು ಆಲ್ಬಂ ಮಾಡುತ್ತೇವೆ ಅಂತ ಹೊರಟು, ಅರ್ಧಕ್ಕೇ ಕೈಬಿಟ್ಟ ಕೆಲಸದ ಉಳಿಕೆ ಅದು. ಇದನ್ನು ತಿಳಿದ ದಿನ ನನಗೆ ತುಂಬಾ ಸಮಾಧಾನವಾಯಿತು. ನಾವು ಆರು ವರ್ಷ ಮಾಡಿದ ಕೆಲಸವನ್ನೂ ಹಾಗೇ ಮುಚ್ಚಿದ್ದರಲ್ಲ.

ಆಮೇಲೆ ಗಿಟಾರಿನ ನಾಲ್ಕೇ ಸ್ವರ. ಸ್ಟುಡಿಯೋದಲ್ಲಿ ಡೇವಿಡ್ ಗಿಲ್ಮೋರ್ ಬೆರಳಿಗೆ ಅಕಸ್ಮಾತ್ತಾಗಿ ಸಿಕ್ಕಿದ ಸ್ವರಗಳಂತೆ ಅವು. ಆ ಹೊತ್ತಿಗೆ ಬ್ಯಾಂಡು 1973ರ ಆಲ್ಬಂನಿಂದ ಜಗತ್ತಿಗೇ ಗೊತ್ತಾಗಿತ್ತು. ಆದರೂ ಮುಂದೇನು ಅಂತ ತೋಚದೆ ಕೂತಿದ್ದರು. ನಾಲ್ಕು ಜನ ಒಂದೇ ಕೋಣೆಯಲ್ಲಿದ್ದರೂ ಯಾರ ಮನಸ್ಸೂ ಅಲ್ಲಿರಲಿಲ್ಲ. ಅಲ್ಲಿಲ್ಲದ ಇನ್ನೊಬ್ಬರ ನೆನಪೂ ಇತ್ತು. ಬ್ಯಾಂಡನ್ನು ಕಟ್ಟಿದವರಲ್ಲಿ ಒಬ್ಬರಾದ ಸಿಡ್ ಬ್ಯಾರೆಟ್, ಮನಸ್ಸಿನ ಆರೋಗ್ಯ ಹದಗೆಟ್ಟು 1968ರಲ್ಲೇ ದೂರವಾಗಿದ್ದರು. ಈ ಉದ್ದದ ಹಾಡು ಅವರನ್ನೇ ಕುರಿತದ್ದು. 1975ರ ಜೂನ್‌ನಲ್ಲಿ ಅವರು ಹೇಳದೆ ಕೇಳದೆ ಸ್ಟುಡಿಯೋಗೆ ಬಂದರು. ದಪ್ಪಗಾಗಿದ್ದರು. ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದರು. ಹಳೆಯ ಗೆಳೆಯರಿಗೆ ಗುರುತೇ ಹತ್ತಲಿಲ್ಲ. ಗುರುತು ಸಿಕ್ಕ ಮೇಲೆ ಕಣ್ಣೀರು ಹಾಕಿದರಂತೆ. ನಾನು ಇದನ್ನು ನೆನೆಸಿಕೊಂಡಾಗಲೆಲ್ಲ ಬೋಳು ಹುಬ್ಬಿನ ಆ ಮನುಷ್ಯ ಬಾಗಿಲಲ್ಲಿ ನಿಂತ ಕ್ಷಣದಲ್ಲೇ ನಿಂತುಬಿಡುತ್ತೇನೆ. ಮುಂದಕ್ಕೆ ಹೋಗಲು ಆಗುವುದಿಲ್ಲ.

ಏಳನೇ ತಿಂಗಳಲ್ಲಿ ಒಂದು ಕಂಪನಿಯಿಂದ ಕರೆ ಬಂತು. ಎರಡು ರೌಂಡು ಫೋನಿನಲ್ಲೇ ಮುಗಿದಿತ್ತು. ಮೂರನೆಯದಕ್ಕೆ ಆಫೀಸಿಗೇ ಬರಬೇಕು ಅಂದರು. ಏಳು ತಿಂಗಳಲ್ಲಿ ಎದುರಿಗೆ ಕೂರಿಸಿ ಮಾತಾಡುತ್ತೇವೆ ಅಂದವರು ಇವರೊಬ್ಬರೇ. ಹಿಂದಿನ ರಾತ್ರಿ ಶರ್ಟಿಗೆ ಎರಡು ಸಲ ಇಸ್ತ್ರಿ ಹಾಕಿದೆ.

ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮೂರು ಟ್ರ್ಯಾಕ್ ಮುಗಿಯಿತು. ಇಳಿಯುವಾಗ ಫೋನಿನ ಮೇಲೆ ಆಲ್ಬಂ ಕವರ್ ಕಾಣುತ್ತಿತ್ತು. ಸೂಟು ಹಾಕಿದ ಇಬ್ಬರು ಕೈ ಕುಲುಕುತ್ತಿದ್ದಾರೆ, ಅದರಲ್ಲಿ ಒಬ್ಬನಿಗೆ ಬೆಂಕಿ ಹತ್ತಿದೆ. ಅದು ನಿಜವಾದ ಬೆಂಕಿ. ರಾನಿ ರಾಂಡೆಲ್ ಅನ್ನುವ ಸ್ಟಂಟ್ ಕಲಾವಿದ ಸೂಟಿನ ಒಳಗೆ ಬೆಂಕಿ ತಡೆಯುವ ಬಟ್ಟೆ ಹಾಕಿ ನಿಂತಿದ್ದ. ಗಾಳಿ ತಿರುಗಿ ಅವನ ಮೀಸೆ ಸುಟ್ಟಿತಂತೆ. ವ್ಯವಹಾರದ ಮಾತಿನಲ್ಲಿ ಸುಟ್ಟುಕೊಳ್ಳುವ ಭಯಕ್ಕೆ ಜನ ಮನಸ್ಸು ಬಿಚ್ಚುವುದಿಲ್ಲ ಅನ್ನುವುದು ಆ ಚಿತ್ರದ ಯೋಚನೆ. ಏಳು ತಿಂಗಳಲ್ಲಿ ನಾನೂ ಅದನ್ನೇ ಕಲಿತಿದ್ದೆ. "ಯಾಕೆ ಕೆಲಸ ಬಿಟ್ರಿ?" ಅಂದರೆ ಅಳೆದು ತೂಗಿದ ಮೂರು ವಾಕ್ಯ. "ನಿಮ್ಮ ವೀಕ್‌ನೆಸ್ ಏನು?" ಅಂದರೆ ಇನ್ನೆರಡು. ಕೈ ಮಾತ್ರ ಗಟ್ಟಿಯಾಗಿ ಕುಲುಕುವುದು.

ಒಳಗೆ ಇಬ್ಬರಿದ್ದರು. ಮ್ಯಾನೇಜರ್ ಎದ್ದು ಬಂದು ಕೈ ಹಿಡಿದುಕೊಂಡರು. "ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ. ಆ ಪೇಮೆಂಟ್ ಆ್ಯಪ್ ಅಂತೂ ಅದ್ಭುತ" ಅಂದರು. ನಾನು ಯಾವ ಪೇಮೆಂಟ್ ಆ್ಯಪ್‌ನಲ್ಲೂ ಕೆಲಸ ಮಾಡಿರಲಿಲ್ಲ. ಅವರ ಮುಂದಿದ್ದದ್ದು ಬೇರೆ ಯಾರದೋ ರೆಸ್ಯೂಮೆ.

ಬಸ್ಸಿನಲ್ಲಿ ಕೊನೆಗೆ ಕೇಳಿದ ಮೂರನೇ ಹಾಡಿನಲ್ಲೂ ಇಂಥದ್ದೇ ಒಬ್ಬ ಮನುಷ್ಯ ಇದ್ದಾನೆ. ರೆಕಾರ್ಡ್ ಕಂಪನಿಯವನು. ಬ್ಯಾಂಡನ್ನು ಬಾಯಿ ತುಂಬಾ ಹೊಗಳುತ್ತಾನೆ. ಆದರೆ ಪಿಂಕ್ ಅನ್ನುವವನು ಅವರಲ್ಲೇ ಒಬ್ಬ ಅಂದುಕೊಂಡಿದ್ದಾನೆ. ಅದನ್ನು ಹಾಡಿದ್ದೂ ಬ್ಯಾಂಡಿನವರಲ್ಲ, ಅದೇ ಕಟ್ಟಡದಲ್ಲಿ ತಮ್ಮ ರೆಕಾರ್ಡಿಂಗ್ ಮಾಡುತ್ತಿದ್ದ ರಾಯ್ ಹಾರ್ಪರ್. ಆ ಹಾಡನ್ನು ಅಷ್ಟು ಸಲ ಕೇಳಿದ್ದೆ. ಅದರೊಳಗಿನ ಸಿಟ್ಟು ಎಷ್ಟು ನೋವಿನದ್ದು ಅಂತ ನನಗೆ ಅರ್ಥವಾಗಿದ್ದು ಮಾತ್ರ ಆ ಕುರ್ಚಿಯಲ್ಲಿ ಕೂತಾಗ.

"ಸರ್, ಅದು ನನ್ನ ರೆಸ್ಯೂಮೆ ಅಲ್ಲ" ಅಂದೆ.

ಅವರು ಹಾಳೆ ಹುಡುಕುತ್ತಾ ಕೂತರು. ಅಲ್ಲಿಯವರೆಗೆ ಸುಮ್ಮನಿದ್ದ ಮೇಡಂ ಕೇಳಿದರು: "ಈ ಏಳು ತಿಂಗಳು ಏನು ಮಾಡಿದ್ರಿ?"

ಇದಕ್ಕೂ ಉತ್ತರ ರೆಡಿ ಇತ್ತು. ಆನ್‌ಲೈನ್ ಕೋರ್ಸು, ಎರಡು ಸರ್ಟಿಫಿಕೇಟು. ಅದನ್ನು ಹೇಳಿದೆ. ಆದರೆ ಅಲ್ಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. "ಒಂದೇ ಆಲ್ಬಂ ದಿನಾ ಕೇಳ್ತಿದ್ದೆ ಮೇಡಂ. ಪ್ರತಿ ಸಲ ಏನಾದ್ರೂ ಹೊಸದು ಸಿಗ್ತಿತ್ತು" ಅಂದೆ.

"ಏನು ಸಿಕ್ತು, ಒಂದು ಹೇಳಿ."

ಕೊನೆಯ ಟ್ರ್ಯಾಕಿನ ವಿಷಯ ಹೇಳಿದೆ. ಹಾಡು ಮುಗಿದು ಸದ್ದು ಸಣ್ಣದಾಗುತ್ತಾ ಹೋಗುವಾಗ ರಿಚರ್ಡ್ ರೈಟ್ ಕೀಬೋರ್ಡಿನಲ್ಲಿ ಒಂದು ಹಳೆಯ ರಾಗ ನುಡಿಸುತ್ತಾರೆ. 1967ರಲ್ಲಿ ಸಿಡ್ ಬ್ಯಾರೆಟ್ ಬರೆದ ಹಾಡಿನದ್ದು. ವಾಲ್ಯೂಮ್ ಹೆಚ್ಚಿಸದಿದ್ದರೆ ಕೇಳುವುದೇ ಇಲ್ಲ. ಆಲ್ಬಂ ಮುಗಿಯಿತು ಅಂತ ಎಲ್ಲರೂ ಏಳುವ ಹೊತ್ತಿಗೆ ಅವರೊಬ್ಬರು ಗೆಳೆಯನ ಹೆಸರು ಹೇಳಿ ಹೋಗುತ್ತಾರೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಏಳು ತಿಂಗಳಲ್ಲಿ ಮೊದಲ ಸಲ ಉರುಹೊಡೆಯದ ಒಂದು ಮಾತನ್ನು ಇಂಟರ್‌ವ್ಯೂನಲ್ಲಿ ಆಡಿದ್ದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಟೆಸ್ಟಿಂಗ್ ಬಗ್ಗೆ ನಲವತ್ತು ನಿಮಿಷ ಮಾತಾಡಿದೆವು. ಒಳ್ಳೆಯ ಮಾತು.

"ಹೊರಗೆ ಕೂತಿರಿ, ಎಚ್‌ಆರ್ ಬರ್ತಾರೆ" ಅಂದರು. ರಿಸೆಪ್ಷನ್ನಿನ ಸೋಫಾ. ಅಲ್ಲಿ ಯಾರೂ ಇರಲಿಲ್ಲ. ಗಾಜಿನ ಬಾಗಿಲು ಮುಚ್ಚಿತ್ತು, ಏಸಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಇಯರ್‌ಫೋನ್ ಹಾಕಿಕೊಂಡೆ. ಉಳಿದಿದ್ದದ್ದು ನಾಲ್ಕನೇ ಟ್ರ್ಯಾಕ್, ಟೈಟಲ್ ಸಾಂಗ್.

ಅದು ರೇಡಿಯೋ ಸ್ಟೇಷನ್ ಬದಲಿಸುವ ಸದ್ದಿನಿಂದ ಶುರುವಾಗುತ್ತದೆ. ಗಿಲ್ಮೋರ್ ಅವರ ಕಾರಿನ ರೇಡಿಯೋದಿಂದ ರೆಕಾರ್ಡ್ ಮಾಡಿದ್ದು. ಯಾರದೋ ಮಾತು ಬಂದು ಹೋಗುತ್ತದೆ, ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿಯ ಒಂದು ಚೂರು ಬಂದು ಹೋಗುತ್ತದೆ. ಆಮೇಲೆ ಒಂದು ಗಿಟಾರು. ಬೇಕಂತಲೇ ಬಡಕಲು ಮಾಡಿದ ಸದ್ದು, ರೇಡಿಯೋದಲ್ಲಿ ಎಲ್ಲಿಂದಲೋ ಬರುತ್ತಿರುವ ಹಾಗೆ. ಕೇಳುತ್ತಾ ಕೇಳುತ್ತಾ, ಇಲ್ಲೇ ಕೋಣೆಯಲ್ಲಿ ಕೂತ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಆಮೇಲೆ ಕೆಮ್ಮು. ಸಣ್ಣದು, ಬಾಯಿ ಮುಚ್ಚಿಕೊಂಡು ಕೆಮ್ಮಿದ ಹಾಗೆ. ಸ್ವಲ್ಪ ಹೊತ್ತಿಗೇ ಎರಡನೇ ಗಿಟಾರು ಬಂತು. ಇದು ತುಂಬು ಸದ್ದು, ಪಕ್ಕದಲ್ಲೇ ನುಡಿಸುತ್ತಿರುವಷ್ಟು ಹತ್ತಿರ. ರೇಡಿಯೋ ಕೇಳುತ್ತಾ ಒಬ್ಬನೇ ಕೂತಿದ್ದವನು ತನ್ನ ಗಿಟಾರು ಎತ್ತಿಕೊಂಡು ಅದರ ಜೊತೆ ನುಡಿಸಲು ಶುರುಮಾಡುತ್ತಾನೆ.

ಕೆಮ್ಮು ಇಲ್ಲದಿದ್ದರೆ ಆ ಕೋಣೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ? ನಮ್ಮ ಕೆಲಸದಲ್ಲಾದರೆ ಅದನ್ನು ಬಗ್ ಅಂತ ಬರೆದು ತೆಗೆಸಿರುತ್ತಿದ್ದೆವು. ಅವರು ಹಾಗೇ ಬಿಟ್ಟರು. ಖಾಲಿ ಮನೆ, ಎಲ್ಲಿಂದಲೋ ಬರುವ ಸಂಗೀತ, ಜೊತೆಗೆ ಸೇರಿಕೊಳ್ಳುವ ಒಬ್ಬ. ನನ್ನ ಅಷ್ಟೂ ಹನ್ನೊಂದು ಗಂಟೆಗಳು ಆ ಒಂದು ನಿಮಿಷದಲ್ಲಿದ್ದವು.

ಎಚ್‌ಆರ್ ಬಂದು "ನಾವೇ ತಿಳಿಸ್ತೀವಿ" ಅಂದರು. ಒಂಬತ್ತು ದಿನದ ಮೇಲೆ ಇಲ್ಲ ಅನ್ನುವ ಮೇಲ್ ಬಂತು. ನನಗೆ ಕೆಲಸ ಸಿಕ್ಕಿದ್ದು ಅದಾಗಿ ಎರಡು ತಿಂಗಳಿಗೆ, ಬೇರೆ ಕಡೆ.

ಆ ದಿನ ಬಸ್ ಹತ್ತಿದ ಮೇಲೆ ನನ್ನ ಲೀಡ್‌ಗೆ ಮೆಸೇಜ್ ಹಾಕಿದೆ. ನಾಲ್ಕು ತಿಂಗಳಿಂದ ಮಾತಿರಲಿಲ್ಲ. ಹೇಗಿದ್ದೀರಿ, ಕೆಲಸ ಸಿಕ್ತಾ ಅಂತೆಲ್ಲ ಬರೆದು ಅಳಿಸಿದೆ. ಕೊನೆಗೆ ಇಷ್ಟೇ ಕಳಿಸಿದೆ: "ಸರ್, ಕೆಮ್ಮು ಸಿಕ್ತು."

ಎರಡು ಸ್ಟಾಪ್ ದಾಟುವಷ್ಟರಲ್ಲಿ ಉತ್ತರ ಬಂತು.

"ಎಷ್ಟನೇ ಸೆಕೆಂಡಿಗೆ?"