ಹುಂಜ ಎಣಿಸಬೇಡಿ, ಹೇಂಟೆಯ ಬೆನ್ನು ನೋಡಿ

"ಮೂರು ಹುಂಜ ಯಾಕೆ ಅಕ್ಕಾ? ಒಂದು ಸಾಲದೇ? ಕಚ್ಚಾಡಿ ಸಾಯುವುದಿಲ್ಲವೇ?" ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದವರು ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಇದನ್ನು ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಿ.

ಸಾಯುವುದಿಲ್ಲ. ಮರಿಯಿಂದ ಒಂದೇ ಒಡ್ಡಿಯಲ್ಲಿ, ಅಂದರೆ ಕೋಳಿಗೂಡಿನಲ್ಲಿ, ಬೆಳೆದ ಹುಂಜಗಳು ಯಾರು ಮೇಲು, ಯಾರು ಕೆಳಗೆ ಎಂಬುದನ್ನು ಎಳೆಯದರಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತವೆ. ಆಮೇಲೆ ಜಗಳವೆಂದರೆ ಕತ್ತಿನ ಗರಿ ಕೆದರಿ ಎರಡು ಸಲ ಹಾರುವುದು, ಸೋತದ್ದು ಸರಿದು ಹೋಗುವುದು. ಸರಿದು ಹೋಗಲು ಜಾಗ ಬೇಕು. ನಮ್ಮಲ್ಲಿ ಹಿತ್ತಲಿನಿಂದ ಅಡಿಕೆ ತೋಟದವರೆಗೂ ಇದೆ. ಜಡಿಮಳೆಗೆ ಎಲ್ಲವನ್ನೂ ಒಳಗೆ ಕೂಡುವ ದಿನಗಳಲ್ಲಿ ಮಾತ್ರ ಚಿಕ್ಕ ಹುಂಜಕ್ಕೆ ಬೇರೆ ಗೂಡು. ಬೆಳೆದ ಹುಂಜವನ್ನು ಸಂತೆಯಿಂದ ತಂದು ನೇರವಾಗಿ ಗುಂಪಿಗೆ ಬಿಟ್ಟು, ರಕ್ತ ಹರಿಯಿತು ಎಂದು ನನ್ನ ಹತ್ತಿರ ಬರಬೇಡಿ.

ಲೆಕ್ಕ ಬೇಕೆಂದರೆ, ಒಂದು ಹುಂಜಕ್ಕೆ 8ರಿಂದ 10 ಹೇಂಟೆ. ಹೇಂಟೆ ಕಡಿಮೆಯಾದರೆ ಹುಂಜ ಮತ್ತೆ ಮತ್ತೆ ಮೇಲೇರಿ ಅವುಗಳ ಬೆನ್ನು ಹಾಳಾಗುತ್ತದೆ. ಗರಿಗಳು ಬುಡದಲ್ಲೇ ಮುರಿದು ಕೆಂಪು ಚರ್ಮ ಕಾಣುತ್ತದೆ. ರೆಕ್ಕೆ ಎತ್ತಿದರೆ ಪಕ್ಕೆಯಲ್ಲಿ ಹುಂಜದ ಕಾಲಿನ ಮುಳ್ಳು ಗೀರಿದ ಗಾಯ. ಸಂಜೆ ಒಡ್ಡಿ ಮುಚ್ಚುವಾಗ ನಾನು ಹೇಂಟೆಗಳನ್ನು ಎತ್ತಿ ಬೆನ್ನು ಸವರಿ ನೋಡುತ್ತೇನೆ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತೇನೆ. ಆದರೂ ಬೆನ್ನು ಬೋಳಾದರೆ ಒಂದು ಹುಂಜ ಹೋಗಲೇಬೇಕು. ಹೌದು, ಸಾರಿಗೆ ಹಾಕುತ್ತೇವೆ, ಕಡುಬಿನ ಜೊತೆ ತಿನ್ನುತ್ತೇವೆ. ಕೋಳಿ ಅಂಕಕ್ಕೆ ಮಾತ್ರ ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಕಾಲಿಗೆ ಕತ್ತಿ ಕಟ್ಟಿ ಕಾದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ.

ಕಳೆದ ದೀಪಾವಳಿಗೆ ಬಂದ ನೆಂಟರೊಬ್ಬರು, "ಮೊಟ್ಟೆ ಇಡದ ಪ್ರಾಣಿಗೆ ಕಾಳು ದಂಡ" ಎಂದರು. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಿಲ್ಲ, ಒಪ್ಪಿದೆ. ಕಾವಿಗೆ ಕೂರಿಸಿದ ಮೊಟ್ಟೆ 21 ದಿನಕ್ಕೆ ಮರಿಯಾಗಬೇಕಾದರೆ? ಅದಿರಲಿ, ಅವರು ಮಾತಾಡುತ್ತಿದ್ದಾಗಲೇ ನಮ್ಮ ಹಿರಿಯ ಹುಂಜ ಗೊಬ್ಬರದ ಗುಂಡಿಯಲ್ಲಿ ದಪ್ಪ ಹುಳವೊಂದನ್ನು ಕೆದಕಿ ತೆಗೆದು, ಕೊಕ್ಕಿನಲ್ಲಿ ಎತ್ತುತ್ತ ಬೀಳಿಸುತ್ತ ಹೇಂಟೆಗಳನ್ನು ಕರೆಯುತ್ತಿತ್ತು. ತಾನು ತಿನ್ನಲಿಲ್ಲ. ಗಿಡುಗ ಮೇಲೆ ಸುಳಿದರೆ ಅದು ಕೂಗುವ ಕೂಗೇ ಬೇರೆ, ನೆಲದಲ್ಲಿ ಮುಂಗುಸಿಯೋ ನಾಯಿಯೋ ಬಂದರೆ ಕೂಗುವುದೇ ಬೇರೆ. ಮೊದಲನೆಯದಕ್ಕೆ ಹೇಂಟೆಗಳು ಕಾಫಿ ಗಿಡದ ಬುಡಕ್ಕೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತು ನೀಳಮಾಡಿ ನಿಲ್ಲುತ್ತವೆ. ಇದಕ್ಕೆ ಎರಡು ಹಿಡಿ ಕಾಳು ದಂಡವೇ?

ಯಾವ ಹುಂಜವನ್ನು ಉಳಿಸಿಕೊಳ್ಳಬೇಕು ಎಂದು ಯಾರಾದರೂ ಕೇಳಬಾರದೇ! ಬಣ್ಣ, ಜುಟ್ಟು, ತೂಕ ಎಲ್ಲ ಆಮೇಲೆ. ಹೇಂಟೆಗಳು ಮೇಯುವಾಗ ತಲೆ ಎತ್ತಿ ಆಕಾಶ ನೋಡುವುದನ್ನು ಉಳಿಸಿ. ಮಕ್ಕಳ ಕಾಲಿಗೆ ಎಗರುವುದನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ನಮ್ಮ ಮೂರನೆಯದು, ಆ ಕೆಂಪು ಹುಂಜ, ಸಿಕ್ಕ ಹುಳವನ್ನು ಇನ್ನೂ ತಾನೇ ನುಂಗುತ್ತದೆ. ಎಳೆಯದು, ಕಲಿಯಬಹುದು. ಈ ಮಳೆಗಾಲ ಮುಗಿಯುವವರೆಗೆ ನೋಡುತ್ತೇನೆ.