ಗೋಡೆಯ ಮೇಲಿನ ಇಬ್ಬರು

ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ನಿಮ್ಮ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನ್ನ ಕಣ್ಣೆದುರಿಗೆ ಬಂದದ್ದು ಕಲಾ ಇತಿಹಾಸದ ಮೊದಲ ತರಗತಿಯಲ್ಲಿ ಪರದೆಯ ಮೇಲೆ ಮೂಡಿದ ಒಂದು ಚಿತ್ರ. ನಮಗೆ ಆ ವಿಷಯ ಕಲಿಸುತ್ತಿದ್ದ ಮೇಡಂ ಯಾವ ಪೀಠಿಕೆಯನ್ನೂ ಹಾಕದೆ, ಆ ಚಿತ್ರ ಯಾರದೆಂದೂ ಹೇಳದೆ, "ಇದರಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ" ಎಂದರು. ದೀಪದ ಬೆಳಕು ಬಿದ್ದ ಒಂದು ಕೋಣೆ, ಅದರೊಳಗೆ ಮೂವತ್ತಕ್ಕೂ ಹೆಚ್ಚು ಗಂಡಸರು, ಅವರ ನಡುವೆ ಬಟ್ಟೆ ಕಳಚಿ ಕುಳಿತ ಗಂಡು ಮಾಡೆಲ್. ನಾವು ಎಣಿಸಿ ನಮಗೆ ತೋಚಿದ ಸಂಖ್ಯೆಗಳನ್ನು ಹೇಳಿದೆವು. "ಸರಿ, ಹೆಂಗಸರು ಎಷ್ಟು?" ಎಂದು ಅವರು ಮತ್ತೆ ಕೇಳಿದರು. ಒಬ್ಬರೂ ಇಲ್ಲ ಎಂದೆವು. ಆಗ ಅವರು ಕೈಯಲ್ಲಿದ್ದ ಕೋಲನ್ನು ಚಿತ್ರದ ಬಲಬದಿಯ ಗೋಡೆಯ ಮೇಲೆ ಇಟ್ಟರು. ಅಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಎರಡು ಭಾವಚಿತ್ರಗಳಿದ್ದವು, ಎರಡೂ ಹೆಣ್ಣುಮುಖಗಳು.

ಅದು ಯೋಹಾನ್ ಜೊಫನಿ 1771–72ರಲ್ಲಿ ಬರೆದ, ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾವಿದರ ಸಂಸ್ಥೆಯ ಸದಸ್ಯರ ಸಮೂಹ ಚಿತ್ರ. 1768ರಲ್ಲಿ ಆ ಅಕಾಡೆಮಿ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಕಲಾವಿದೆಯರಿದ್ದರು. ನಗ್ನ ಮಾಡೆಲ್ ಇರುವ ಕೋಣೆಗೆ ಹೆಣ್ಣುಮಕ್ಕಳು ಕಾಲಿಡುವುದು ಆ ಕಾಲದ ಮರ್ಯಾದೆಗೆ ಸಲ್ಲದ ಸಂಗತಿಯಾದ್ದರಿಂದ, ಚಿತ್ರಕಾರನು ಅವರಿಬ್ಬರನ್ನು ಸದಸ್ಯರಾಗಿ ನಿಲ್ಲಿಸುವ ಬದಲು ಗೋಡೆಯ ಮೇಲಿನ ಚಿತ್ರಗಳನ್ನಾಗಿ ಮಾಡಿಬಿಟ್ಟಿದ್ದ. ಅವರ ನಂತರ ಅಲ್ಲಿ ಪೂರ್ಣ ಸದಸ್ಯತ್ವಕ್ಕೆ ಚುನಾಯಿತಳಾದ ಮೊದಲ ಮಹಿಳೆ ಲಾರಾ ನೈಟ್, ಅದೂ 1936ರಲ್ಲಿ. ಅಕಾಡೆಮಿಯ ಶಾಲೆಯಲ್ಲಿ ಹುಡುಗಿಯರಿಗೆ ಮೈಗೆ ಬಟ್ಟೆ ಸುತ್ತಿದ ಮಾಡೆಲ್ಲನ್ನು ನೋಡಿ ಬರೆಯುವ ಅನುಮತಿ ಸಿಕ್ಕಿದ್ದೇ 1893ರಲ್ಲಿ. ಆಗಿನ ಯುರೋಪಿನಲ್ಲಿ ಪುರಾಣ ಮತ್ತು ಇತಿಹಾಸದ ದೃಶ್ಯಗಳನ್ನು ಬರೆಯುವುದೇ ಕಲೆಯ ಶಿಖರ ಎನಿಸಿಕೊಂಡಿತ್ತು, ಮತ್ತು ಮಾನವ ದೇಹವನ್ನು ನೋಡಿ ಅಭ್ಯಾಸ ಮಾಡದವರು ಅಂಥ ಚಿತ್ರಕ್ಕೆ ಕೈಹಾಕುವಂತೆಯೇ ಇರಲಿಲ್ಲ. ಮಹಾನ್ ಕಲಾವಿದೆಯರು ಯಾಕಿರಲಿಲ್ಲ ಎಂಬ ಪ್ರಶ್ನೆಯನ್ನು 1971ರ ತಮ್ಮ ಪ್ರಬಂಧದಲ್ಲಿ ಎತ್ತಿಕೊಂಡ ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್, ಅದಕ್ಕೆ ಉತ್ತರವನ್ನು ಪ್ರತಿಭೆಯಲ್ಲಿ ಹುಡುಕದೆ ಇಂಥ ಸಂಸ್ಥೆಗಳಲ್ಲಿ ಹುಡುಕಿದರು. ನಮ್ಮ ಮೇಡಂ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದರು: "ಹೆಣ್ಣುಮಕ್ಕಳಿಗೆ ಪ್ರತಿಭೆ ಇರಲಿಲ್ಲ ಅನ್ನುವವರಿಗೆ ಮೊದಲು ಈ ಕೋಣೆಯ ಬಾಗಿಲು ತೋರಿಸಿ."

ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದು ಮನಸ್ಸಿಗೆ ಇಳಿಯಲು ಇನ್ನೂ ಒಂದೂವರೆ ವರ್ಷ ಬೇಕಾಯಿತು.

ಎರಡನೆಯ ವರ್ಷದ ಮಾರ್ಚ್ 8ಕ್ಕೆ ನಮ್ಮ ವಿಭಾಗದಿಂದ ಭಿತ್ತಿಪತ್ರಗಳ ಪ್ರದರ್ಶನ ಏರ್ಪಾಡಾಗಿತ್ತು. ಲಿಂಗ ಸಮಾನತೆಗಾಗಿ ಜಗತ್ತಿನಾದ್ಯಂತ ನಡೆದಿರುವ ಚಳವಳಿಗೆ ನಮ್ಮ ಕಡೆಯಿಂದಲೂ ಒಂದು ದನಿ ಸೇರಲಿ ಎಂಬುದು ಅದರ ಆಶಯ. ನಾನು ಲಿನೊ ಅಚ್ಚನ್ನು, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ವಿಧಾನವನ್ನು, ಆರಿಸಿಕೊಂಡೆ. ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಕುಳಿತ ಹೆಣ್ಣು, ಕಾಲಿಗೆ ಸರಪಳಿ, ಸುತ್ತಲೂ ಗಾಢ ನೀಲಿ. ಎರಡು ವಾರ ಪ್ರತಿ ರಾತ್ರಿ ಸ್ಟುಡಿಯೊದಲ್ಲಿ ಒಬ್ಬನೇ ಕುಳಿತು ಕೆತ್ತಿದೆ. ಲಿನೊ ತಣ್ಣಗಿದ್ದರೆ ಉಳಿಗೆ ಒರಟಾಗಿ ಎದುರು ನಿಲ್ಲುತ್ತದೆ. ಅದನ್ನು ಬಲ್ಬಿನ ಕೆಳಗಿಟ್ಟು ತುಸು ಬೆಚ್ಚಗೆ ಮಾಡಿಕೊಂಡರೆ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಎಡಗೈ ಎಂದೂ ಉಳಿಯ ಮುಂದೆ ಬರಬಾರದು, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯಬೇಕು, ಒಂದು ಒತ್ತಕ್ಷರ ತಪ್ಪಿದರೂ ತಿದ್ದಲು ದಾರಿಯಿಲ್ಲ. ಕೂದಲಿನ ಒಂದೊಂದು ಎಳೆಯನ್ನೂ ನಾನು ಭಕ್ತಿಯಿಂದ ಕೊರೆದೆ. ರೋಲರಿನಲ್ಲಿ ಮಸಿ ಹಚ್ಚಿ ಮೊದಲ ಪ್ರತಿಯನ್ನು ಎತ್ತಿದಾಗ, ಇಷ್ಟು ಒಳ್ಳೆಯ ಕೆಲಸವನ್ನು ನಾನು ಹಿಂದೆಂದೂ ಮಾಡಿಲ್ಲ ಅನ್ನಿಸಿತು.

ಒಣಗಲು ಹಾಕಿದ್ದ ಆ ಪ್ರತಿಯ ಮುಂದೆ ಮರುದಿನ ಬೆಳಿಗ್ಗೆ ನನ್ನ ಸಹಪಾಠಿಯೊಬ್ಬಳು ಬಹಳ ಹೊತ್ತು ನಿಂತಿದ್ದಳು. "ಕೆತ್ತನೆ ತುಂಬಾ ಚೆನ್ನಾಗಿದೆ" ಅಂದಳು. ಆಮೇಲೆ, "ಆದರೆ ಇವಳನ್ನು ನೋಡಿದವರು ಅಯ್ಯೋ ಪಾಪ ಅಂತಾರೆ, ಮುಂದಕ್ಕೆ ಹೋಗ್ತಾರೆ. ನನಗೆ ಯಾರ ಅಯ್ಯೋ ಪಾಪವೂ ಬೇಡ. ನೀನು ನನ್ನನ್ನೇ ಮಾಡೆಲ್ ಆಗಿ ಕೂರಿಸಿದ್ದರೆ ನಾನು ಹೀಗೆ ಕೂರ್ತಾನೇ ಇರಲಿಲ್ಲ" ಅಂದಳು. ನನಗೆ ನೋವಾಯಿತು. ಅವಳ ಪರವಾಗಿಯೇ ಇಷ್ಟು ದುಡಿದವನಿಗೆ ಈ ಮಾತೇ ಎಂದು ಸಿಟ್ಟೂ ಬಂತು. ಮೇಡಂ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಯಾರನ್ನು ಕೇಳಿ ಇದನ್ನು ಬರೆದೆ?" ಎಂದರು. ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ.

ಅಂದು ಮಧ್ಯಾಹ್ನ ಅವರು ನಮಗೆಲ್ಲ ಮೋನಿಕಾ ಮಾಯೆರ್ ಎಂಬ ಮೆಕ್ಸಿಕೊದ ಕಲಾವಿದೆಯ ಬಗ್ಗೆ ಹೇಳಿದರು. 1978ರಲ್ಲಿ ಮೆಕ್ಸಿಕೊ ನಗರದ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಆಕೆ ಬಟ್ಟೆ ಒಣಹಾಕುವ ಹಗ್ಗವನ್ನೇ ಕಲಾಕೃತಿಯಾಗಿ ಕಟ್ಟಿದರು. ಹೆಣ್ಣಾಗಿ ಈ ನಗರದಲ್ಲಿ ನಿನಗೆ ಅತಿ ಅಸಹ್ಯವೆನಿಸುವುದು ಯಾವುದು ಎಂದು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕೆಲಸಗಳ ಹೆಂಗಸರನ್ನು ಕೇಳಿ, ಅವರು ಗುಲಾಬಿ ಬಣ್ಣದ ಸಣ್ಣ ಚೀಟಿಗಳ ಮೇಲೆ ಬರೆದುಕೊಟ್ಟ ಉತ್ತರಗಳನ್ನು ಆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಸಿದರು. ಬೀದಿಯಲ್ಲಿ, ಬಸ್ಸಿನಲ್ಲಿ ಮೈಮುಟ್ಟುವವರ ಕಾಟವೇ ಆ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದಿತ್ತು. ನಿತ್ಯದ ಮನೆಗೆಲಸದ ಗುರುತೇ ಆಗಿರುವ ಒಂದು ಹಗ್ಗವನ್ನು ವಸ್ತುಸಂಗ್ರಹಾಲಯದೊಳಗೆ ತಂದು, ಬಾಯಿಬಿಟ್ಟು ಹೇಳಲಾರದ್ದನ್ನು ಅದರ ಮೇಲೆ ಎಲ್ಲರ ಎದುರು ಹರವಿದ ಆ ಕೆಲಸ ನನಗೆ ಇಂದಿಗೂ ಈ ಚಳವಳಿ ಕಲೆಗೆ ಕೊಟ್ಟ ಅತ್ಯುತ್ತಮ ರೂಪಗಳಲ್ಲಿ ಒಂದಾಗಿ ಕಾಣುತ್ತದೆ. ಕಲಾವಿದೆ ಅಲ್ಲಿ ಯಾರ ಕಷ್ಟವನ್ನೂ ಚಿತ್ರಿಸಲಿಲ್ಲ. ಕೇಳಿದಳು, ಕೇಳಿದ್ದನ್ನು ಎತ್ತಿ ತೋರಿಸಿದಳು.

ನಾವೂ ಹಗ್ಗ ಕಟ್ಟಿದೆವು. ಸ್ಟುಡಿಯೊದ ಹೊರಗಿನ ಪಡಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ನಾಲ್ಕು ಸಾಲು. ಪ್ರಶ್ನೆಯನ್ನು ನಮ್ಮ ತರಗತಿಯ ಹುಡುಗಿಯರೇ ಬರೆದರು: "ಹೆಣ್ಣು ಎಂಬ ಕಾರಣಕ್ಕೆ ಈ ಕಾಲೇಜಿನಲ್ಲಿ ನೀನು ಮಾಡದೆ ಬಿಟ್ಟದ್ದು ಏನು?" ಮೊದಲ ದಿನ ಬಂದದ್ದು ಮೂರೇ ಚೀಟಿಗಳು. ನಾಲ್ಕು ಜನ ನೋಡುತ್ತಿರುವಾಗ ನಿಂತು ಬರೆಯುವುದು ಯಾರಿಗೂ ಸುಲಭವಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ಎರಡನೆಯ ದಿನ ಗ್ರಂಥಾಲಯದ ಮೂಲೆಯಲ್ಲಿ, ಮುಚ್ಚಳಕ್ಕೆ ಸೀಳು ಮಾಡಿದ ಒಂದು ಪಾದರಕ್ಷೆಯ ಪೆಟ್ಟಿಗೆಯನ್ನು ಇಟ್ಟೆವು. ಮೂರನೆಯ ದಿನ ಸಂಜೆ ಪೆಟ್ಟಿಗೆ ತುಂಬಿತ್ತು.

ಚೀಟಿಗಳನ್ನು ಹಗ್ಗಕ್ಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ, "ಶಿಲ್ಪ ವಿಭಾಗ ಸೇರುವುದು. ಕಲ್ಲಿನ ಕೆಲಸ ಹುಡುಗಿಯರ ಕೈಲಾಗದು ಅಂದರು" ಎಂದಿತ್ತು. ಇನ್ನೊಂದರಲ್ಲಿ ಒಂದು ಸಾಲು ಬರೆದು, ಅದನ್ನು ಪೆನ್ನಿನಿಂದ ಕಾಗದ ಹರಿಯುವಷ್ಟು ಗಟ್ಟಿಯಾಗಿ ಹೊಡೆದುಹಾಕಿ, ಕೆಳಗೆ "ಏನೂ ಇಲ್ಲ" ಎಂದು ಬರೆಯಲಾಗಿತ್ತು. ಹೊಡೆದುಹಾಕಿದ್ದನ್ನು ಓದಲು ನಾವು ಯಾರೂ ಪ್ರಯತ್ನಿಸಲಿಲ್ಲ, ಹಾಗೆಯೇ ತೂಗುಹಾಕಿದೆವು. ಆದರೆ ಬೇರೆ ಬೇರೆ ಕೈಬರಹಗಳಲ್ಲಿ, ಬೇರೆ ಬೇರೆ ಮಸಿಯಲ್ಲಿ, ಮತ್ತೆ ಮತ್ತೆ ಕೈಗೆ ಬರುತ್ತಿದ್ದದ್ದು ಒಂದೇ ಉತ್ತರ: ಸಂಜೆ ಐದರ ನಂತರ ಸ್ಟುಡಿಯೊದಲ್ಲಿ ಕೆಲಸ ಮಾಡುವುದು. ಹೆಣ್ಣುಮಕ್ಕಳು ಐದಕ್ಕೆ ಆವರಣ ಬಿಡಬೇಕೆಂಬ ನಿಯಮ ನಮ್ಮಲ್ಲಿತ್ತು. ಅದು ಅವರ ಸುರಕ್ಷತೆಗಾಗಿ ಮಾಡಿದ್ದು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ. ಅಂಥ ಏಳೋ ಎಂಟೋ ಚೀಟಿಗಳಿಗೆ ಕ್ಲಿಪ್ಪು ಹಾಕಿದ ಮೇಲೆ ನನ್ನ ಕೈ ನಿಂತಿತು. ಸರಪಳಿ ತೊಟ್ಟ ಆ ಹೆಣ್ಣನ್ನು ನಾನು ಎರಡು ವಾರ ಕೆತ್ತಿದ್ದು ರಾತ್ರಿಯ ಹೊತ್ತು, ಅದೇ ಸ್ಟುಡಿಯೊದಲ್ಲಿ. ಪರದೆಯ ಮೇಲೆ ನೋಡಿದ್ದ ಆ ಲಂಡನ್ನಿನ ಕೋಣೆಯ ಒಳಗೆ ನಾನೂ ಕುಳಿತಿದ್ದೆ, ಮತ್ತು ನನ್ನ ಸಹಪಾಠಿಯನ್ನು ನಾನು ಒಂದು ಚಿತ್ರವನ್ನಾಗಿ ಮಾಡಿ ಗೋಡೆಗೆ ಹಾಕಲು ಹೊರಟಿದ್ದೆ.

ಆ ಭಿತ್ತಿಪತ್ರವನ್ನು ನಾನು ಪ್ರದರ್ಶನಕ್ಕೆ ಇಡಲಿಲ್ಲ. ಮೇಡಂ ಇಡಬೇಡ ಎಂದಿರಲಿಲ್ಲ, ಅದು ನನ್ನದೇ ತೀರ್ಮಾನ.

ಪ್ರದರ್ಶನ ನೋಡಲು ಬಂದ ಆಡಳಿತ ಮಂಡಳಿಯವರು ಪಡಸಾಲೆಯಲ್ಲಿ ನಾಲ್ಕೂ ಸಾಲುಗಳನ್ನು ಓದಿದರು. ಆಗ ಅವರು ಏನೂ ಹೇಳಲಿಲ್ಲ. ಹುಡುಗಿಯರು ಆ ಚೀಟಿಗಳನ್ನೇ ಎಣಿಸಿ, ಇಂಥದ್ದು ಇಷ್ಟು ಎಂದು ವಿಂಗಡಿಸಿ ಒಂದು ಮನವಿ ಸಿದ್ಧಪಡಿಸಿಕೊಟ್ಟರು. ಮುಂದಿನ ವರ್ಷದಿಂದ ಸ್ಟುಡಿಯೊ ಎಲ್ಲರಿಗೂ ರಾತ್ರಿ ಎಂಟರವರೆಗೆ ತೆರೆದಿರುವಂತಾಯಿತು, ಹೋಗಿಬರುವ ದಾರಿಗೆ ದೀಪಗಳು ಬಂದವು. ದೀಪ ಹಾಕಿಸಲು ಸಾಧ್ಯವಿದ್ದ ಕಡೆ ಅಷ್ಟು ವರ್ಷ ಬಾಗಿಲು ಮುಚ್ಚಲಾಗಿತ್ತಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಶಿಲ್ಪ ವಿಭಾಗದ ಸಂಗತಿ ನಾವಿದ್ದಷ್ಟು ದಿನವೂ ಹಾಗೆಯೇ ಉಳಿಯಿತು.

ಎಣಿಸುವುದು ಕೂಡ ಕಲೆಯ ಕೆಲಸವಾಗಬಲ್ಲದು ಎಂಬುದನ್ನು ಮೂರನೆಯ ವರ್ಷದಲ್ಲಿ ಸರಿಯಾಗಿ ಕಲಿತೆವು. 1985ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗೆರಿಲ್ಲಾ ಗರ್ಲ್ಸ್ ಎಂಬ ಗುಂಪಿನ ಕಲಾವಿದೆಯರು ಗೊರಿಲ್ಲಾ ಮುಖವಾಡ ಧರಿಸಿ, ಗತಿಸಿದ ಕಲಾವಿದೆಯರ ಹೆಸರುಗಳನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡು ಕೆಲಸ ಮಾಡಿದವರು. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದರ ಪೈಕಿ ಹೆಂಗಸರು ಶೇಕಡಾ 5ಕ್ಕಿಂತ ಕಡಿಮೆ, ಆದರೆ ನಗ್ನಚಿತ್ರಗಳಲ್ಲಿ ಶೇಕಡಾ 85 ಹೆಂಗಸರವು ಎಂದು ಎಣಿಸಿ ತೆಗೆದು, 1989ರಲ್ಲಿ ಅದನ್ನೇ ಭಿತ್ತಿಪತ್ರ ಮಾಡಿದರು. ಹೆಣ್ಣು ಆ ಕಟ್ಟಡದೊಳಗೆ ಹೋಗಲು ಬಟ್ಟೆ ಕಳಚಬೇಕೇ ಎಂಬುದು ಅದರ ಪ್ರಶ್ನೆ. ಅಲ್ಲಿ ಕಣ್ಣೀರಿಲ್ಲ, ಸರಪಳಿಯಿಲ್ಲ. ಆ ಎರಡು ಅಂಕಿಗಳನ್ನು ಓದಿದವನು ಅಯ್ಯೋ ಪಾಪ ಎಂದು ಮುಂದೆ ಹೋಗುವಂತಿಲ್ಲ.

ಸೂಜಿದಾರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದೇ ರಾಯಲ್ ಅಕಾಡೆಮಿ ತನ್ನ ಆರಂಭದ ವರ್ಷಗಳಲ್ಲೇ ಕಸೂತಿಯನ್ನು ತನ್ನ ಪ್ರದರ್ಶನಗಳಿಂದ ಹೊರಗಿಟ್ಟಿತು. ಹೊರಗಿಟ್ಟ ಆ ಕೈಕೆಲಸವೇ ಮುಂದೆ ಹೆಣ್ಣುಮಕ್ಕಳ ಹತ್ಯಾರವಾಯಿತು. 1907ರಲ್ಲಿ ಇಂಗ್ಲೆಂಡಿನಲ್ಲಿ ಮೇರಿ ಲೌಂಡ್ಸ್ ಎಂಬ ಗಾಜಿನ ಚಿತ್ರಗಳ ಕಲಾವಿದೆ ಮತದಾನದ ಹಕ್ಕಿಗಾಗಿ ಕಲಾವಿದೆಯರ ಸಂಘವೊಂದನ್ನು ಕಟ್ಟಿದರು. 1908ರ ಲಂಡನ್ ಮೆರವಣಿಗೆಯಲ್ಲಿ ಹೆಂಗಸರು ಹಿಡಿದು ನಡೆದ ಧ್ವಜಪಟಗಳಿಗೆ ವಿನ್ಯಾಸ ಮಾಡಿದವರು ಅವರು. ಧ್ವಜಪಟ ಎಂದರೆ ಓದುವ ಫಲಕವಲ್ಲ, ಗಾಳಿಯಲ್ಲಿ ತೇಲಬೇಕಾದ ಬಣ್ಣ ಎಂಬುದು ಲೌಂಡ್ಸ್ ಅವರ ನಿಲುವು. ನಮ್ಮ ತರಗತಿಯಲ್ಲಿ ಬಟ್ಟೆ ಕತ್ತರಿಸುವ ಮೊದಲು ಈ ಮಾತನ್ನು ಮೇಡಂ ಪ್ರತಿ ಸಲವೂ ನೆನಪಿಸುತ್ತಿದ್ದರು. ಚಿಲಿಯಲ್ಲಿ 1973ರ ನಂತರದ ಸರ್ವಾಧಿಕಾರದ ಕಾಲದಲ್ಲಿ, ಗಂಡಂದಿರೂ ಮಕ್ಕಳೂ ಕಾಣೆಯಾದ ಹೆಂಗಸರು ಗೋಣಿಬಟ್ಟೆಯ ಮೇಲೆ ಹಳೆಯ ಬಟ್ಟೆಯ ಚೂರುಗಳನ್ನು ಹೊಲಿದು ತಮ್ಮ ಬದುಕಿನ ದೃಶ್ಯಗಳನ್ನು ಮಾಡಿದರು. ಹೆಂಗಸರ ಹೊಲಿಗೆ ತಾನೇ ಎಂಬ ತಾತ್ಸಾರವೇ ಆ ಬಟ್ಟೆಗಳನ್ನು ಬಹಳ ಕಾಲ ಕಾಪಾಡಿತು, ಅವು ದೇಶದ ಹೊರಗೂ ತಲುಪಿದವು.

ಈಗ ನಾನು ಮಕ್ಕಳ ಪುಸ್ತಕಗಳಿಗೂ ಆರೋಗ್ಯದ ಕರಪತ್ರಗಳಿಗೂ ಚಿತ್ರ ಬರೆದು ಜೀವನ ಮಾಡುತ್ತಿದ್ದೇನೆ. 1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದ ಕಾರ್ಯಸೂಚಿಯಲ್ಲಿದ್ದ ಹನ್ನೆರಡು ಕಾಳಜಿಗಳಲ್ಲಿ ಮಹಿಳೆ ಮತ್ತು ಮಾಧ್ಯಮ ಎಂಬುದೂ ಒಂದಾಗಿತ್ತು ಎಂಬುದರ ಅರ್ಥ ನನಗೆ ಈ ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು. ಲೇಖಕರು ಕಳಿಸುವ ಸೂಚನೆಯಲ್ಲಿ "ವೈದ್ಯರು ರೋಗಿಯನ್ನು ಪರೀಕ್ಷಿಸುತ್ತಿದ್ದಾರೆ" ಎಂದಷ್ಟೇ ಇರುತ್ತದೆ. ನಮ್ಮ ಕನ್ನಡದ ಬಹುವಚನದ ಗೌರವದಲ್ಲಿ ಆ ವೈದ್ಯರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಭಾಷೆ ಬಾಗಿಲು ತೆರೆದೇ ಇಟ್ಟಿರುತ್ತದೆ, ಪೆನ್ಸಿಲ್ ಹಿಡಿದ ಕೈ ಮಾತ್ರ ಯೋಚಿಸದೆ ಮೀಸೆ ಬರೆದುಬಿಡುತ್ತದೆ. ಆದ್ದರಿಂದ ಒಂದು ಪುಸ್ತಕ ಮುಗಿದ ಮೇಲೆ ಎಲ್ಲ ಪುಟಗಳನ್ನೂ ಮೇಜಿನ ಮೇಲೆ ಹರಡಿ ಎಣಿಸುತ್ತೇನೆ: ನಿಂತವರು ಯಾರು, ಕುಳಿತವರು ಯಾರು, ಯಾರ ಕೈಯಲ್ಲಿ ಉಪಕರಣವಿದೆ, ಯಾರ ಕೈಯಲ್ಲಿ ಪಾತ್ರೆಯಿದೆ. ಪ್ರತಿ ಸಲವೂ ತಿದ್ದಬೇಕಾದ ಪುಟಗಳು ಸಿಗುತ್ತವೆ.

ಆ ಚೀಟಿಗಳನ್ನು ನಾವು ಅದೇ ಪೆಟ್ಟಿಗೆಯಲ್ಲಿ ಹಾಕಿ, ಹಗ್ಗವನ್ನು ಸುತ್ತಿ ಮೇಲಿಟ್ಟು, ವಿಭಾಗದ ಉಗ್ರಾಣದ ಕಪಾಟಿನಲ್ಲಿ ಬಿಟ್ಟು ಬಂದಿದ್ದೆವು. ಈಗ ಓದುತ್ತಿರುವವರು ಒಮ್ಮೆ ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಮಾಯೆರ್ ಅವರ ಹಗ್ಗ 2016ರಲ್ಲಿ ಮೆಕ್ಸಿಕೊದಲ್ಲೇ ಮತ್ತೆ ಹೊಸ ಪ್ರಶ್ನೆಗಳೊಡನೆ ಕಟ್ಟಿಸಿಕೊಂಡಿತು. ನಮ್ಮದೂ ಕಟ್ಟಿಸಿಕೊಳ್ಳಬಹುದು. ಹಳೆಯ ಚೀಟಿಗಳನ್ನು ಓದಿಕೊಳ್ಳಿ, ಪ್ರಶ್ನೆಯನ್ನು ಮಾತ್ರ ಹೊಸದಾಗಿ ನೀವೇ ಬರೆಯಿರಿ, ಪೆಟ್ಟಿಗೆಯನ್ನು ಜನ ಓಡಾಡದ ಮೂಲೆಯಲ್ಲಿ ಇಡಿ. ಹಗ್ಗದ ಒಂದು ತುದಿಗೆ ಶಿಲ್ಪ ವಿಭಾಗದ ಬಾಗಿಲಿನ ಪಕ್ಕದ ಕಂಬ ಸರಿಹೋಗುತ್ತದೆ.