ಎಂಟು ಗಂಟೆಗೆ ಅಂತ ಬಿಟ್ಟ ಕಾರ್ಟಿಸೋಲ್

ಏಳು ವರ್ಷ ದೊಡ್ಡವರ ಮೆಡಿಸಿನ್ ವಾರ್ಡಿನಲ್ಲಿ ನರ್ಸ್ ಆಗಿದ್ದು, ಎನ್‌ಐಸಿಯುಗೆ (ನವಜಾತ ಕೂಸುಗಳ ತೀವ್ರ ನಿಗಾ ಘಟಕ) ಬಂದವಳು ನಾನು. ಬಂದು ನಾಲ್ಕು ತಿಂಗಳಾಗಿತ್ತು. ಆ ರಾತ್ರಿಯ ವಿಷಯ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತದೆ.

ಮೂಲೆಯ ವಾರ್ಮರ್‌ನ ಕೂಸು. 36 ವಾರಕ್ಕೆ ಹುಟ್ಟಿದ್ದು, ತೂಕ 2.1 ಕೆಜಿ. ನಾಲ್ಕು ದಿನವಾದರೂ ಶುಗರ್ ನಿಲ್ಲುತ್ತಿರಲಿಲ್ಲ. ಜಿಐಆರ್ (ಡ್ರಿಪ್ಪಿನಲ್ಲಿ ಗ್ಲೂಕೋಸ್ ಹೋಗುವ ವೇಗ) ಸ್ವಲ್ಪ ಇಳಿಸಿದರೂ ಜಿಆರ್‌ಬಿಎಸ್, ಅಂದರೆ ಗ್ಲೂಕೋಮೀಟರಿನ ಶುಗರ್ ರೀಡಿಂಗ್, ಬೀಳುತ್ತಿತ್ತು. ಹ್ಯಾಂಡೋವರ್‌ನಲ್ಲೇ ಹೇಳಿದ್ದರು: ಮತ್ತೆ ಲೋ ಬಂದರೆ ಮೊದಲು ಕ್ರಿಟಿಕಲ್ ಸ್ಯಾಂಪಲ್ (ಶುಗರ್ ಬಿದ್ದಿರುವಾಗಲೇ ಹಾರ್ಮೋನ್ ಪರೀಕ್ಷೆಗೆ ತೆಗೆಯುವ ರಕ್ತ), ಹಿಂದೆಯೇ ಬೋಲಸ್ (ಒಂದೇ ಸಲಕ್ಕೆ ಕೊಡುವ ಗ್ಲೂಕೋಸ್).

ರಾತ್ರಿ 2.40ಕ್ಕೆ 29 ಬಂತು. ಕೂಸಿನ ಕೈಕಾಲು ಅದುರುತ್ತಿತ್ತು. ರೆಸಿಡೆಂಟ್ ಡಾಕ್ಟರ್ ಲೇಬರ್ ರೂಮಿನಲ್ಲಿದ್ದರು. ಫೋನ್ ಮಾಡಿದೆ. "ಸ್ಯಾಂಪಲ್ ತೆಗೆದು ತಕ್ಷಣ ಕೊಟ್ಟುಬಿಡಿ ಸಿಸ್ಟರ್, ಬರ್ತಾ ಇದೀನಿ" ಅಂದರು. ಜೂನಿಯರ್ ಹುಡುಗಿ ಡಿ10 (10% ಗ್ಲೂಕೋಸ್) 4.2 ಎಂಎಲ್ ಲೋಡ್ ಮಾಡಿಕೊಂಡು ಪಕ್ಕದಲ್ಲೇ ನಿಂತಳು. ನಾನು ಲೇಬಲ್‌ಗಾಗಿ ಸಿಸ್ಟಮ್ ತೆಗೆದೆ. ಇನ್ಸುಲಿನ್ ಇತ್ತು, ಜಿಎಚ್ (ಬೆಳವಣಿಗೆಯ ಹಾರ್ಮೋನ್) ಇತ್ತು. ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ಅಂತ ಹೊಡೆದರೆ ಎರಡೇ ಸಾಲು: ಬೆಳಿಗ್ಗೆ 8, ಸಂಜೆ 4.

ನೀಡಲ್ ಹಾಕಿದೆ. ರಕ್ತ ಹನಿ ಹನಿಯಾಗಿ ಟ್ಯೂಬಿಗೆ ಇಳಿಯುತ್ತಿತ್ತು. ಒಂದೊಂದು ಹನಿಗೂ ಕೂಸಿನ ಮುಖ ನೋಡುತ್ತಿದ್ದೆ. ಇನ್ಸುಲಿನ್, ಜಿಎಚ್‌ಗೆ ಸಾಕಾಯಿತು. ಇನ್ನು ಅರ್ಧ ಎಂಎಲ್ ಬೇಕಿತ್ತು, ಕಾರ್ಟಿಸೋಲ್‌ಗೆ. ಈ ಕೂಸಿನ ಮೈಯಲ್ಲಿರುವುದೇ ಹೆಚ್ಚೂಕಡಿಮೆ 170 ಎಂಎಲ್ ರಕ್ತ. ಕಾರ್ಟಿಸೋಲ್ ಹೇಗೂ ಬೆಳಿಗ್ಗೆಯದ್ದು, ಈಗಲೇ ಯಾಕೆ ತೆಗೆಯಬೇಕು ಅಂದುಕೊಂಡೆ. ಏಳು ವರ್ಷ ಮಾಡಿದ್ದು ಅದನ್ನೇ ಅಲ್ವಾ? ದೊಡ್ಡವರ ಕಾರ್ಟಿಸೋಲ್ ಅಂದರೆ ಬೆಳಿಗ್ಗೆ 8. ನೀಡಲ್ ತೆಗೆದೆ. ಬೋಲಸ್ ಹೋಯಿತು. ಅರ್ಧ ಗಂಟೆಗೆ 64 ಬಂದಾಗ, ಸದ್ಯ, ಕೂಸಿಗೆ ಅಷ್ಟು ರಕ್ತವಾದರೂ ಉಳಿಯಿತು ಅಂತ ಸಮಾಧಾನವಾಯಿತು.

8ಕ್ಕೆ ಸರಿಯಾಗಿ ಮತ್ತೆ ಚುಚ್ಚಿದೆ. ಡ್ಯೂಟಿ ಮುಗಿದರೂ ರೌಂಡ್ಸಿಗೆ ಅಂತ ಉಳಿದುಕೊಂಡೆ. ಕಾರ್ಟಿಸೋಲ್ ರಿಪೋರ್ಟ್ 2.3, ಕಡಿಮೆ.

ಕನ್ಸಲ್ಟೆಂಟ್ ಮೇಡಂ ಹಾಳೆ ಹಿಡಿದು ಕೇಳಿದರು, "ಇದು ಲೋ ಬಂದಾಗಿನದಾ?"

"ಇಲ್ಲ ಮೇಡಂ, 8 ಗಂಟೆಯದು."

"ಆಗ ಶುಗರ್ ಎಷ್ಟಿತ್ತು?"

"81."

ಅವರು ಬೈಯಲಿಲ್ಲ. "ಹಾಗಾದರೆ ಇದರಿಂದ ನಮಗೇನು ಗೊತ್ತಾಗುತ್ತೆ ಸಿಸ್ಟರ್?" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮೆಟ್ಟಿಲಿಳಿದು ಲ್ಯಾಬಿಗೆ ಓಡಿದೆ. ರಾತ್ರಿಯ ಟ್ಯೂಬಿನಲ್ಲಿ ಸೀರಮ್ ಉಳಿದಿದ್ದರೆ ಅದರಲ್ಲೇ ಮಾಡಿಸಬಹುದಿತ್ತು. ಟೆಕ್ನಿಷಿಯನ್ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರು. "ಎರಡು ಟೆಸ್ಟಿಗೇ ಸರಿಹೋಯ್ತು ಸಿಸ್ಟರ್, ತಳದಲ್ಲಿ ಏನೂ ಇಲ್ಲ." ಆ ಮೆಟ್ಟಿಲು ವಾಪಸ್ ಹತ್ತಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಮೇಡಂ ಕೂರಿಸಿಕೊಂಡು ಹೇಳಿದರು. ದೊಡ್ಡವರಲ್ಲಿ ಕಾರ್ಟಿಸೋಲ್ ಬೆಳಗಿನ ಜಾವ ಏರಿ, ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಅದಕ್ಕೇ 8 ಗಂಟೆ ಅನ್ನುವ ಲೆಕ್ಕ. ಈಗ ಹುಟ್ಟಿದ ಕೂಸಿಗೆ ಆ ಏರಿಳಿತವೇ ಇನ್ನೂ ಕೂತಿರುವುದಿಲ್ಲ. ಅದು ನಿಲ್ಲುವುದು ಹುಟ್ಟಿ ಕೆಲವು ತಿಂಗಳಾದ ಮೇಲೆ, ಅದೂ ಒಂದೊಂದು ಕೂಸಿಗೆ ಒಂದೊಂದು ಸಮಯಕ್ಕೆ. ಚೆನ್ನಾಗಿರುವ ಕೂಸಿನಲ್ಲೂ ಯಾವುದೋ ಹೊತ್ತಿನಲ್ಲಿ ತೆಗೆದರೆ 2, 3 ಬರಬಹುದು. ನಾವು ನೋಡಬೇಕಿದ್ದದ್ದು ಬೇರೆ: ಶುಗರ್ ಬಿದ್ದು ಮೈಗೆ ಕಷ್ಟವಾದಾಗ ಅಡ್ರಿನಲ್ ಎದ್ದು ಕೆಲಸ ಮಾಡುತ್ತಾ? ಅದಕ್ಕೆ ಉತ್ತರ ಇದ್ದದ್ದು 2.40ರ ರಕ್ತದಲ್ಲಿ.

ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಆ ತಾಯಿಗೆ ದಿನಾ ಸಂಜೆ ನಾನೇ ಹೇಳುತ್ತಿದ್ದೆ, "ಇದಕ್ಕಿನ್ನೂ ಹಗಲು ರಾತ್ರಿ ತಿಳಿಯಲ್ಲಮ್ಮಾ, ಮೂರು ತಿಂಗಳು ಹೋಗಲಿ." ಬಾಯಲ್ಲಿ ಹೇಳಿದ್ದು ಕೈಗೆ ಬರಲಿಲ್ಲ.

ಶುಗರ್ ಮತ್ತೆ ಬೀಳಲಿ ಅಂತ ಕಾಯುವ ಹಾಗಿರಲಿಲ್ಲ. ಮಾರನೇ ದಿನ ಎಸಿಟಿಎಚ್ ಸ್ಟಿಮ್ಯುಲೇಷನ್ ಮಾಡಿದರು, ಅಂದರೆ ಅಡ್ರಿನಲ್ ಅನ್ನು ಎಬ್ಬಿಸುವ ಹಾರ್ಮೋನ್ ಕೊಟ್ಟು ಕಾರ್ಟಿಸೋಲ್ ಏರುತ್ತಾ ನೋಡುವ ಟೆಸ್ಟ್. ಇಂಜೆಕ್ಷನ್‌ಗೆ ಮೊದಲು ಒಂದು ಸ್ಯಾಂಪಲ್, 30 ನಿಮಿಷಕ್ಕೆ ಒಂದು, 60ಕ್ಕೆ ಒಂದು. ಅರ್ಧ ಎಂಎಲ್ ಉಳಿಸಲು ಹೋಗಿ ಅದರ ಮೂರು ಪಟ್ಟು ತೆಗೆಸಿದೆ. "ನಿನ್ನೆ ತಾನೇ ತೆಗೆದ್ರಲ್ಲ ಸಿಸ್ಟರ್, ಮತ್ತೆ ಯಾಕೆ?" ಅಂತ ತಾಯಿ ಕೇಳಿದಾಗ, "ಡಾಕ್ಟರ್ ಹೇಳಿದ್ದಾರೆ" ಅಂದುಬಿಟ್ಟೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸಂಜೆ ತಡೆಯಲಾಗದೆ ಹೋಗಿ, "ಮೊನ್ನೆ ರಾತ್ರಿ ತೆಗೀಬೇಕಿದ್ದ ಒಂದು ಸ್ಯಾಂಪಲ್ ನಾನು ಬಿಟ್ಟೆನಮ್ಮಾ, ಅದಕ್ಕೇ ಇದೆಲ್ಲಾ" ಅಂತ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕೂಸಿನ ಪಾದದ ಮೇಲಿನ ಪ್ಲಾಸ್ಟರನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂತರು.

ರಿಪೋರ್ಟ್ ನಾರ್ಮಲ್ ಬಂತು. ಶುಗರ್ ತಾನಾಗಿ ನಿಂತಿತು, 11ನೇ ದಿನ ಮನೆಗೆ ಹೋದರು.

ಈಗ ನಮ್ಮ ಟ್ರಾಲಿಯಲ್ಲಿ ಕ್ರಿಟಿಕಲ್ ಸ್ಯಾಂಪಲ್ ಟ್ಯೂಬುಗಳನ್ನು ಒಂದೇ ಕವರಿನಲ್ಲಿ ಕಟ್ಟಿಟ್ಟಿರುತ್ತೇನೆ. ಮೇಲೆ "ಕಾರ್ಟಿಸೋಲ್ ಈಗಲೇ, ಗಡಿಯಾರ ನೋಡಬೇಡಿ" ಅಂತ ಪ್ಲಾಸ್ಟರ್ ಮೇಲೆ ಬರೆದು ಅಂಟಿಸಿದ್ದೇನೆ. ಟ್ಯೂಬಿನ ಮೇಲೆ ಗಂಟೆಯ ಜೊತೆ ಆಗಿನ ಶುಗರ್ ಕೂಡ ಬರೆಯುತ್ತೇವೆ. ನಡುಗುವ ಕೂಸನ್ನು ಇಟ್ಟುಕೊಂಡು ಸ್ಯಾಂಪಲ್‌ಗಾಗಿ ಹೆಣಗಾಡಬಾರದು. ಒಂದು ಸಲಕ್ಕೆ ಸಿಗಲಿಲ್ಲವೆಂದರೆ ಬೋಲಸ್ ಕೊಡಬೇಕು. ಆದರೆ ನನಗೆ ಸಿಕ್ಕಿತ್ತು, ನಾನೇ ನಿಲ್ಲಿಸಿದೆ.

ಸಿಸ್ಟಮ್‌ನಲ್ಲಿ ಎನ್‌ಐಸಿಯುಗೆ ಬೇರೆ ಆಯ್ಕೆ ಕೊಡಿ ಅಂತ ಮೂರು ಸಲ ಬರೆದುಕೊಟ್ಟಿದ್ದೇನೆ. ನೋಡ್ತೀವಿ ಅಂದಿದ್ದಾರೆ. ನಿನ್ನೆ ರಾತ್ರಿ ತೆಗೆದಾಗಲೂ ಎರಡೇ ಸಾಲು ಇತ್ತು.